ಗುಡ್ಡದ ಮೇಲಿನ ಐದು ಮಂದಿ

ನಾನು ಒಂದು ಪುಸ್ತಕ. ಅಂಗಡಿಯಲ್ಲಿ ಹುಟ್ಟಿದ ಪುಸ್ತಕವಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಕೊಪ್ಪಳ ಸೀಮೆಯ ಹಿರೇಬಂಡಿ ಎಂಬ ಊರಿನಲ್ಲಿ, ಬೇಸಿಗೆ ರಜೆ ಮುಗಿದು ಶಾಲೆ ತೆರೆದ ವಾರ, ಏಳನೆಯ ತರಗತಿಯ ಮಕ್ಕಳು ತಮ್ಮ ಹಳೆಯ ನೋಟುಬುಕ್ಕುಗಳಲ್ಲಿ ಬರೆಯದೆ ಉಳಿದಿದ್ದ ಹಾಳೆಗಳನ್ನು ಹರಿದು ತಂದರು. ರಾಚಪ್ಪ ಮಾಸ್ತರರು ಅವನ್ನೆಲ್ಲ ಜೋಡಿಸಿ, ಗೋಣಿಚೀಲ ಹೊಲಿಯುವ ದಬ್ಬಣದಿಂದ ಚುಚ್ಚಿ, ಸೆಣಬಿನ ದಾರ ಎಳೆದು ನನ್ನನ್ನು ಹೊಲಿದರು. ಹೋದ ವರ್ಷದ ಕ್ಯಾಲೆಂಡರು ನನ್ನ ಅಂಗಿಯಾಯಿತು. ನನ್ನೊಳಗೆ ಗೆರೆಯ ಹಾಳೆಯಿದೆ, ಗೆರೆಯಿಲ್ಲದ್ದಿದೆ, ಲೆಕ್ಕದ ಚೌಕಳಿ ಹಾಳೆಯಿದೆ, ಕಾಪಿ ಬರೆಯುವ ನಾಲ್ಕು ಗೆರೆಯದೂ ಇದೆ. ಹತ್ತೊಂಬತ್ತು ಮಕ್ಕಳ ಮಿಕ್ಕಿದ್ದೆಲ್ಲ ಸೇರಿ ನಾನಾದೆ. ಹಾಗಾಗಿ ನನಗೆ ಒಬ್ಬ ಯಜಮಾನನಿರಲಿಲ್ಲ, ಆ ಮಾತಿಗೆ ನನಗೆ ಸ್ವಲ್ಪ ಜಂಬವೂ ಇತ್ತು.

ವಾರಕ್ಕೊಬ್ಬರಂತೆ ನಾನು ಮನೆಮನೆ ಸುತ್ತಬೇಕು. ಯಾರ ಮನೆಯಲ್ಲಿ ಇರುತ್ತೇನೋ ಅವರು ತಾವು ಓದಿದ್ದನ್ನೋ, ಹೋಗಿಬಂದ ಊರನ್ನೋ, ಹೊಲ ಗುಡ್ಡ ಹಳ್ಳದಲ್ಲಿ ಕಂಡದ್ದನ್ನೋ ಬರೆಯಬೇಕು. ಸೋಮವಾರ ಅದನ್ನು ಉಳಿದವರ ಮುಂದೆ ಓದಬೇಕು. ಊರ ಸುತ್ತ ಕಂಡದ್ದಕ್ಕೆ ಮಾತ್ರ ಮಕ್ಕಳೇ ಒಂದು ಕಟ್ಟಳೆ ಮಾಡಿಕೊಂಡಿದ್ದರು. ಒಬ್ಬರು ಬರೆದದ್ದನ್ನು ಇನ್ನೊಬ್ಬರು ಹೋಗಿ ಹುಡುಕಿ, ಕೆಳಗೆ ‘ನಾನೂ ನೋಡಿದೆ’ ಎಂದು ಬರೆದು ಸಹಿ ಹಾಕಬೇಕು. ಸಹಿ ಬೀಳದ್ದು ಬರೀ ಗಾಳಿಮಾತು.

ಮೌಲಾಲಿ ತನ್ನ ಮಾವನ ಲಾರಿಯಲ್ಲಿ ಹೊಸಪೇಟೆಗೆ ಹೋಗಿ ಅಣೆಕಟ್ಟಿನ ಮೂವತ್ತಮೂರು ಗೇಟುಗಳನ್ನು ಎಣಿಸಿ ಬಂದು ಬರೆದ. ಎರಡು ಸಲ ಎಣಿಸಿದೆ ಎಂದು ಅಡಿಗೆರೆ ಹಾಕಿದ. ಬಸಲಿಂಗ ಕಾಲುವೆಯ ದಂಡೆಯ ಮಣ್ಣಿನಲ್ಲಿ ಮಿಂಚುಳ್ಳಿಯ ಬಿಲ ಕಂಡ. ಹುಲಿಗೆಮ್ಮ ಎಂಬ ಹುಡುಗಿ ಕಂಡಷ್ಟು ಮಾತ್ರ ಯಾರೂ ಕಾಣಲಿಲ್ಲ. ಎಲ್ಲರೂ ಅವಳನ್ನು ಹುಲಿಗಿ ಎನ್ನುತ್ತಿದ್ದರು. ಅವಳ ತಾಯಿ ದುರ್ಗವ್ವ ಆಡು ಕಾಯುವವಳು, ತಂದೆ ಇರಲಿಲ್ಲ. ‘ಕೆರೆಯ ಹಿಂದಿನ ಗರಸು ನೆಲದಲ್ಲಿ ಟಿಟ್ಟಿಭ ಹಕ್ಕಿ ಕಲ್ಲುಗಳ ನಡುವೆ ಕಲ್ಲಿನಂಥ ನಾಲ್ಕು ಮೊಟ್ಟೆ ಇಟ್ಟಿದೆ. ನಿಂತು ನೋಡಿದರೆ ಕಾಣುವುದಿಲ್ಲ, ಕುಕ್ಕರುಗಾಲಲ್ಲಿ ಕೂತು ನೋಡಬೇಕು’ ಎಂದು ಅವಳು ಬರೆದಾಗ ಅರ್ಧ ತರಗತಿ ಹೋಗಿ ಕುಕ್ಕರುಗಾಲಲ್ಲಿ ಕೂತಿತು. ಹನ್ನೊಂದು ಸಹಿ ಬಿದ್ದವು. ಅಕ್ಷರ ಕೋಳಿ ಕೆದರಿದಂತೆ, ಆದರೆ ಬರೆದ ಒಂದು ಮಾತೂ ಹುಸಿಯಲ್ಲ.

ಇನ್ನು ಕಸ್ತೂರಿ. ಸರಕಾರಿ ದವಾಖಾನೆಯ ಕಂಪೌಂಡರರ ಮಗಳು, ಧಾರವಾಡದ ಕಡೆಯಿಂದ ವರ್ಗವಾಗಿ ಬಂದವರು. ಅವಳ ಅಕ್ಷರ ನನ್ನ ಮೈಮೇಲೆ ಮಲ್ಲಿಗೆ ಪೋಣಿಸಿದ ಹಾಗೆ ಬೀಳುತ್ತಿತ್ತು. ಸುಳ್ಳೇಕೆ ಹೇಳಲಿ, ನನಗೆ ಅವಳ ಕೈಯೇ ಪ್ರೀತಿ. ಅವಳು ಓದಿದ್ದನ್ನು ಬರೆಯುತ್ತಿದ್ದಳು: ನಕ್ಷತ್ರಗಳ ಕಥೆ, ಧ್ರುವ ಪ್ರದೇಶದ ಕರಡಿಯ ಕಥೆ. ಗುಡ್ಡಕ್ಕೆ ಹೋಗಲು ಅವಳ ತಾಯಿ ಬಿಡುತ್ತಿರಲಿಲ್ಲ. ಬಿಸಿಲಿಗೆ ಕಪ್ಪಾಗುತ್ತೀ, ಹಾವಿದೆ, ಚೇಳಿದೆ ಎಂದು ನೂರೆಂಟು ಅಡ್ಡಿ. ಒಂದು ಸೋಮವಾರ ಬಸಲಿಂಗ ಎಲ್ಲರ ಮುಂದೆ ಹೇಳಿಬಿಟ್ಟ, “ಓದಿದ್ದು ಯಾರು ಬೇಕಾದ್ರೂ ಬರೀತಾರ. ಈಕಿ ಊರಾಗಿದ್ದೂ ಊರು ನೋಡಿಲ್ಲ.” ಎಲ್ಲರೂ ನಕ್ಕರು. ಹುಲಿಗಿಯೊಬ್ಬಳು ನಗಲಿಲ್ಲ.

ಮುಂದಿನ ಸರದಿಯಲ್ಲಿ ಕಸ್ತೂರಿ ನನ್ನನ್ನು ಮಡಿಲಲ್ಲಿಟ್ಟುಕೊಂಡು ಬಹಳ ಹೊತ್ತು ಕೂತಳು. ಪೆನ್ನಿನ ತುದಿ ಹಾಳೆಗೆ ತಾಗುತ್ತಿತ್ತು, ಎದ್ದು ಹೋಗುತ್ತಿತ್ತು. ಆಮೇಲೆ ಒಂದೇ ಉಸಿರಿಗೆ ಬರೆದಳು. ಊರ ಹಿಂದಿನ ಗುಡ್ಡದಲ್ಲಿ, ಎರಡು ದೊಡ್ಡ ಗುಂಡುಕಲ್ಲುಗಳ ನಡುವಿನ ಸಂದಿಯಲ್ಲಿ ಒಂದು ಗವಿಯಿದೆ. ಅದರ ಗೋಡೆಯ ಮೇಲೆ ಕೆಮ್ಮಣ್ಣಿನ ಬಣ್ಣದಲ್ಲಿ ಯಾವುದೋ ಕಾಲದವರು ಚಿತ್ರ ಬರೆದಿದ್ದಾರೆ. ಐದು ಮಂದಿ ಕೈಕೈ ಹಿಡಿದು ಸಾಲಾಗಿ ನಿಂತಿದ್ದಾರೆ, ಮುಖಗಳಿಲ್ಲ. ಓದಿದ ಯಾವುದೋ ಪುಸ್ತಕದ ಚಿತ್ರ ಅದು. ಅವಳು ಆ ಗುಡ್ಡದ ಬುಡಕ್ಕೂ ಹೋದವಳಲ್ಲ. ಅದು ನನಗೆ ಗೊತ್ತಿತ್ತು, ಏಕೆಂದರೆ ಆ ವಾರವಿಡೀ ನಾನು ಅವಳ ಹಾಸಿಗೆಯ ಮಗ್ಗುಲಲ್ಲೇ ಇದ್ದೆ.

ಸೋಮವಾರ ಓದಿದಾಗ ತರಗತಿ ಉಸಿರು ಬಿಗಿಹಿಡಿದು ಕೇಳಿತು. ರಾಚಪ್ಪ ಮಾಸ್ತರರು ಕೂಡ, ನಮ್ಮ ಕಡೆಯ ಬೆಟ್ಟಗಳಲ್ಲಿ ಅಂಥ ಚಿತ್ರಗಳು ಇರುವುದುಂಟು, ಮುಟ್ಟಬೇಡಿರಪ್ಪ ಎಂದು ಬುದ್ಧಿ ಹೇಳಿದರು. ಬಸಲಿಂಗ ನನ್ನನ್ನು ಒಯ್ದ. ಗುಡ್ಡಕ್ಕೆ ಹೋದ, ಒಂದು ತಾಸು ಸುತ್ತಿದ, ಏನೂ ಕಾಣಲಿಲ್ಲ. ಕಾಣಲಿಲ್ಲ ಎಂದರೆ ಸೋತಂತೆ. ಕಲ್ಲಿನ ಮೇಲೆ ಕೂತು ಬರೆದ: ‘ನಾನೂ ನೋಡಿದೆ. ಐದಲ್ಲ, ಆರು ಮಂದಿ ಇದ್ದಾರೆ.’ ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎಂದರಂತೆ. ಮೌಲಾಲಿ ಏಳು ಮಂದಿ ಎಂದು ಬರೆದ. ಇನ್ನೊಬ್ಬಳು ಎಂಟು ಎಂದಳು, ಎಂಟನೆಯದು ಹೆಂಗಸು ಎಂದೂ ಸೇರಿಸಿದಳು.

ಒಂದೊಂದು ಸಹಿ ಬಿದ್ದಾಗಲೂ ಕಸ್ತೂರಿಯ ಮುಖ ಬಿಳಿಚಿಕೊಳ್ಳುತ್ತಿತ್ತು. ಎಲ್ಲರೂ ಸುಳ್ಳು ಹೇಳುತ್ತಿದ್ದಾರೆ ಎಂದು ಅವಳಿಗೆ ಹೊಳೆಯಲಿಲ್ಲ. ತಾನು ಹುಟ್ಟಿಸಿದವರು ನಿಜಕ್ಕೂ ಅಲ್ಲಿ ಬಂದು ನಿಂತಿದ್ದಾರೆ, ಒಬ್ಬೊಬ್ಬರೇ ಬಂದು ಸೇರಿಕೊಳ್ಳುತ್ತಿದ್ದಾರೆ ಎಂದೇ ಅವಳು ಹೆದರಿದಳು. ಮನೆಯ ಹಿತ್ತಿಲಿಗೆ ಬಂದರೆ ಗುಡ್ಡ ಕಾಣುತ್ತಿತ್ತು, ಅವಳು ಹಿತ್ತಿಲಿಗೆ ಬರುವುದನ್ನೇ ಬಿಟ್ಟಳು. ನನಗೂ ದಿಗಿಲಾಗುತ್ತಿತ್ತು. ಮುಚ್ಚಿಟ್ಟಾಗ ಆ ಹಾಳೆಯೊಂದೇ ಭಾರವಾಗಿದೆ ಅನಿಸುತ್ತಿತ್ತು.

ಆಮೇಲೆ ಹುಲಿಗಿಯ ಸರದಿ ಬಂತು. ಅವಳು ಹೋದಳು, ಹುಡುಕಿದಳು, ಸಹಿಗಳ ಕೆಳಗೆ ಬರೆದಳು: ‘ಹೋದೆ. ಕಾಣಲಿಲ್ಲ. ಮತ್ತೆ ಹೋಗುತ್ತೇನೆ.’ ಇದ್ದದ್ದು ಇದ್ದಂತೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರಂತೆ, ತರಗತಿಯಲ್ಲಿ ಅದೇ ನಡೆಯಿತು. “ಟಿಟ್ಟಿಭದ ತತ್ತಿ ಕಂಡಾಕಿಗೆ ಎಂಟು ಮಂದಿ ಕಾಣಲಿಲ್ಲೇನು? ಕಣ್ಣು ತೋರಿಸ್ಕೊ” ಎಂದ ಬಸಲಿಂಗ. ಅವಳು ನನ್ನನ್ನು ಮುಂದಿನವರಿಗೆ ಕೊಡಲಿಲ್ಲ. ಸಹಿ ಹಾಕದೆ ಕೊಡುವುದು ಹೇಗೆ ಎಂದು ಮಾಸ್ತರರನ್ನು ಕೇಳಿ ಇಟ್ಟುಕೊಂಡಳು. ಎರಡನೆಯ ವಾರ ಅದೇ ಮಾತು ಬರೆದಳು, ಮೂರನೆಯ ವಾರವೂ ಬರೆದಳು.

ನಾಲ್ಕನೆಯ ವಾರ ಅವಳು ನಿಜಕ್ಕೂ ದವಾಖಾನೆಗೆ ಹೋದಳು. ನಾನು ಅವಳ ಚೀಲದಲ್ಲಿದ್ದೆ. ಕಸ್ತೂರಿ ಅಪ್ಪನ ಮಧ್ಯಾಹ್ನದ ಬುತ್ತಿ ತಂದು ಅಲ್ಲೇ ನಿಂತಿದ್ದಳು. ಕಂಪೌಂಡರರು ಗೋಡೆಗೆ ಅಕ್ಷರದ ಹಲಗೆ ತೂಗುಹಾಕಿ, ಹುಲಿಗಿಯ ಒಂದೊಂದೇ ಕಣ್ಣು ಮುಚ್ಚಿಸಿ ಓದಿಸಿದರು. ಅವಳು ಕಟ್ಟಕಡೆಯ ಸಾಲನ್ನೂ, ಅದರ ಕೆಳಗೆ ಮುದ್ರಣಾಲಯದವರು ಹಾಕಿದ್ದ ಸಣ್ಣ ಹೆಸರನ್ನೂ ಓದಿದಳು. ಕಂಪೌಂಡರರು ನಕ್ಕರು. “ನಿನ್ನ ಕಣ್ಣು ಹದ್ದಿನ ಕಣ್ಣವ್ವ, ಹೋಗು.”

ಹುಲಿಗಿ ಹೊರಗೆ ಬಂದು ಕಸ್ತೂರಿಯ ಕೈ ಹಿಡಿದಳು. “ಕಣ್ಣು ಚಲೋ ಅದಾವಂತ. ಅಂದ್ರ ನಾ ಬ್ಯಾರೆ ಕಡೆ ಹುಡುಕಾಕತ್ತೀನಿ. ಎಲ್ಲೈತಿ ಅದು, ಖರೇ ಹೇಳು.”

ಕಸ್ತೂರಿಗೆ ನಿಜ ಬಾಯಿವರೆಗೆ ಬಂತು. ಆದರೆ ಒಳಗೆ ಅಪ್ಪ ಇದ್ದರು, ಹೊರಗೆ ಬಸಲಿಂಗ ಎಲ್ಲರನ್ನೂ ನಗಿಸಿದ ಆ ಸೋಮವಾರದ ನೆನಪಿತ್ತು.

“ಇನ್ನೂ ಮ್ಯಾಲ,” ಎಂದಳು.

ಭಾನುವಾರ ಬೆಳಿಗ್ಗೆ ರೊಟ್ಟಿ ತಿಂದು ಹುಲಿಗಿ ಗುಡ್ಡ ಹತ್ತಿದಳು. ಹಿಂದೆಂದೂ ಹೋಗದಷ್ಟು ಮೇಲೆ ಹೋದಳು. ನನ್ನ ಚೀಲವನ್ನು ಒಂದು ಕಾರೆ ಮುಳ್ಳಿನ ಗಿಡಕ್ಕೆ ತಗುಲಿಹಾಕಿ, ಎರಡು ಗುಂಡುಗಳ ನಡುವಿನ ಸಂದಿಗೆ ಬಗ್ಗಿ ನೋಡಿದಳು. ನೋಡುತ್ತ ಇನ್ನಷ್ಟು ಬಗ್ಗಿದಳು. ಕಾಲ ಕೆಳಗಿನ ಕಲ್ಲಿನ ಚಕ್ಕೆ ಜಾರಿತು. ಅವಳು ಬಿದ್ದ ಜಾಗ ನನಗೆ ಕಾಣುತ್ತಿರಲಿಲ್ಲ, ಕೇಳುತ್ತಿತ್ತು. ಮೊದಲು ಅವ್ವಾ ಎಂದು ಕೂಗಿದಳು, ಬಹಳ ಸಲ ಕೂಗಿದಳು. ಬಿಸಿಲು ಇಳಿಯುವ ಹೊತ್ತಿಗೆ ಕೂಗು ನಿಂತಿತು. ನನ್ನೊಳಗೆ ಇಡೀ ಕನ್ನಡದ ಅಕ್ಷರಗಳಿದ್ದವು, ಕೂಗುವುದಕ್ಕೆ ಒಂದೂ ಉಪಯೋಗಕ್ಕೆ ಬರಲಿಲ್ಲ. ಆ ರಾತ್ರಿಯ ವಿಷಯ ನಾನು ಹೇಳುವುದಿಲ್ಲ. ಸೋಮವಾರ ನಡುಮಧ್ಯಾಹ್ನ ಗಿಡಕ್ಕೆ ತೂಗುತ್ತಿದ್ದ ನನ್ನ ಚೀಲ ಕಂಡು ಜನ ಬಂದರು. ಅಷ್ಟರಲ್ಲಿ ಹುಲಿಗಿಯ ಜೀವ ಹೋಗಿಬಿಟ್ಟಿತ್ತು.

ಯಾರೂ ಯಾರನ್ನೂ ಏನೂ ಕೇಳಲಿಲ್ಲ. ಆಡು ಕಾಯುವವರ ಮಗಳು, ಗುಡ್ಡದಲ್ಲಿ ಕಾಲು ಜಾರಿತು ಎಂದರು. ರಾಚಪ್ಪ ಮಾಸ್ತರರು ಪುಸ್ತಕದ ಸುದ್ದಿಯನ್ನೇ ಎತ್ತಲಿಲ್ಲ. ಮಕ್ಕಳಲ್ಲಿ ಮಾತ್ರ ಒಂದು ಪಿಸುಮಾತು ಹುಟ್ಟಿತು. ಗವಿಯ ಸಾಲಿನಲ್ಲಿ ಈಗ ಒಂಬತ್ತು ಮಂದಿ ಇದ್ದಾರಂತೆ, ಕೊನೆಯವಳಿಗೆ ಎರಡು ಜಡೆ ಇವೆಯಂತೆ, ಅವಳ ಒಂದು ಕೈ ಖಾಲಿ ಚಾಚಿಕೊಂಡಿದೆಯಂತೆ. ಆ ಮಾತು ಕೇಳಿದ ದಿನ ಕಸ್ತೂರಿಗೆ ಜ್ವರ ಬಂತು, ಎಂಟು ದಿನ ಇಳಿಯಲಿಲ್ಲ. ಬೇಸಿಗೆಯಲ್ಲಿ ಅವಳ ಅಪ್ಪನಿಗೆ ವರ್ಗವಾಯಿತು.

ನಾನು ದುರ್ಗವ್ವನ ಮನೆಯ ಗೋಡೆಯ ಗೂಡು ಸೇರಿದೆ. ಅವಳಿಗೆ ಓದು ಬಾರದು. ಮೊದಮೊದಲು ಬಾಗಿಲ ಮುಂದೆ ಹಾಯುವ ಶಾಲೆಯ ಮಕ್ಕಳಿಂದ ಮಗಳ ಹಾಳೆಗಳನ್ನೂ ಗವಿಯ ಹಾಳೆಯನ್ನೂ ಓದಿಸಿದಳು. ಆಮೇಲೆ ಎರಡು ವರ್ಷ ನನ್ನನ್ನು ಮುಟ್ಟಲಿಲ್ಲ. ಬೆಳಗಾದರೆ ಆಡು ಹೊಡೆದುಕೊಂಡು ಗುಡ್ಡಕ್ಕೆ ಹೋಗುವಳು, ಸಂಜೆ ಮೊಣಕಾಲು ತರಚಿಕೊಂಡು ಬರುವಳು. ಮುಪ್ಪು ಬರುತ್ತಿದೆ, ಎಡವುತ್ತಾಳೆ ಎಂದುಕೊಂಡೆ. ಅನಂತರ ಮತ್ತೆ ಮಕ್ಕಳನ್ನು ಕರೆಯತೊಡಗಿದಳು. ಒಂದು ಲೋಟ ಮಜ್ಜಿಗೆ ಕೊಟ್ಟು ನನ್ನನ್ನು ಅವರ ಕೈಗಿಡುವಳು. ಮಕ್ಕಳು ಮೊಟ್ಟೆಯ ಕಥೆ ಓದುವರು, ಅಣೆಕಟ್ಟಿನ ಗೇಟು ಓದುವರು, ಮಿಂಚುಳ್ಳಿ ಇನ್ನೂ ಅಲ್ಲೇ ಇದೆ ಎಂದು ತಾವು ಕಂಡದ್ದನ್ನೂ ಅವಳಿಗೆ ಹೇಳುವರು. ಗವಿಯ ಹಾಳೆ ಬಂದರೆ ಮಾತ್ರ ಅವಳು ಕೈ ಅಡ್ಡ ಇಡುವಳು. “ಆ ಹಾಳಿ ಬ್ಯಾಡ, ಮುಂದಿಂದು ಓದ್ರಿ.” ಮಗಳ ದುಃಖ ಎಂದು ನಾನು ತಿಳಿದೆ. ಪುಸ್ತಕವಾದ ಮಾತ್ರಕ್ಕೆ ಎಲ್ಲ ತಿಳಿಯುತ್ತದೆ ಎಂದೇನೂ ಇಲ್ಲ.

ನನ್ನ ದಾರ ಸಡಿಲಾಯಿತು. ಕ್ಯಾಲೆಂಡರಿನ ಅಂಗಿ ಜಿರಲೆಯ ಪಾಲಾಯಿತು. ಗೂಡಿನಲ್ಲಿ ಒಬ್ಬನೇ ಇರುವಾಗ ಆ ಸಾಲು ನನ್ನೊಳಗೆ ನಿಂತೇ ಇರುತ್ತಿತ್ತು, ಮುಖಗಳಿಲ್ಲದೆ. ಹದಿನೇಳು ವರ್ಷ ಹೀಗೆ ಕಳೆದವು.

ಹೋದ ತಿಂಗಳು ಒಂದು ಇಳಿಹೊತ್ತಿನಲ್ಲಿ ಒಬ್ಬ ಹೆಂಗಸು ಬಂದು ಹೊಸ್ತಿಲ ಹೊರಗೆ ನಿಂತಳು. ದುರ್ಗವ್ವ ನೀರು ಕೊಟ್ಟಳು. ಬಂದವಳು ಕುಡಿಯಲಿಲ್ಲ. “ಯವ್ವಾ, ನಾ ಕಂಪೌಂಡರ ಮಗಳು ಕಸ್ತೂರಿ. ಈಗ ಸಾಲಿ ಟೀಚರ್ ಆಗೀನಿ. ನಮ್ಮ ಹುಡುಗ್ರು ನಾವು ಮಾಡಿದಂಥಾದ್ದೊಂದು ಪುಸ್ತಕ ಮಾಡ್ತೀವಿ ಅಂದ್ರು. ಹಾಳಿ ಹೊಲಿಯಾಕ ಕೂತೆ, ಕೈ ಬರಲಿಲ್ಲ. ಅದಕ್ಕ ಬಂದೆ.”

ದುರ್ಗವ್ವ ಗೂಡಿಗೆ ಕೈ ಹಾಕಿ ನನ್ನನ್ನು ತೆಗೆದು, ಇಷ್ಟು ವರ್ಷ ಯಾರಿಗೂ ಓದಲು ಬಿಡದ ಆ ಹಾಳೆಯನ್ನೇ ತೆರೆದು ಅವಳ ಮುಂದಿಟ್ಟಳು. “ಓದು,” ಎಂದಳು.

ಕಸ್ತೂರಿ ಓದಿದಳು. ತನ್ನ ಮಲ್ಲಿಗೆಯ ಅಕ್ಷರ ಓದಿದಳು, ಸಹಿಗಳನ್ನು ಓದಿದಳು, ‘ಹೋದೆ, ಕಾಣಲಿಲ್ಲ, ಮತ್ತೆ ಹೋಗುತ್ತೇನೆ’ ಎಂಬುದನ್ನು ಮೂರು ಸಲ ಓದಬೇಕಾಗಿ ಬಂತು. ಆಮೇಲೆ ತಲೆಯೆತ್ತಿದಳು. “ಯವ್ವಾ, ಇದು ಸುಳ್ಳು. ನಾ ಬರೆದದ್ದು ಸುಳ್ಳು. ಅಲ್ಲಿ ಯಾವ ಚಿತ್ರಾನೂ ಇಲ್ಲ. ಅಕಿ ಬಂದು ಕೇಳಿದ್ಲು, ಆವಾಗಾದ್ರೂ ಹೇಳಲಿಲ್ಲ. ಇನ್ನೂ ಮ್ಯಾಲ ಅಂದೆ.”

ದುರ್ಗವ್ವ ಸೆರಗಿನಿಂದ ಬಾಯಿ ಒರೆಸಿಕೊಂಡಳು. “ಇಲ್ಲಂತ ನನಗ ಗೊತ್ತೈತಿ,” ಎಂದಳು. “ಎರಡು ವರ್ಷ ಆ ಗುಡ್ಡದ ಒಂದೊಂದು ಗುಂಡಿನ ಬುಡಕ ತೆವಳಿ ನೋಡೀನಿ. ಒಂದು ಸಂದಿ ಬಿಟ್ಟಿಲ್ಲ. ಬರೆದಾಕಿ ಯಾವಾಗ ಬರ್ತಾಳಂತ ಕುಂತಿದ್ದೆ.”

ಕಸ್ತೂರಿ ಅವಳ ಕಾಲು ಹಿಡಿಯಲು ಬಗ್ಗಿದಳು. ದುರ್ಗವ್ವ ಕಾಲು ಹಿಂದಕ್ಕೆ ಎಳೆದುಕೊಂಡಳು.

“ನನ್ನ ಮುಂದ ಹೇಳಿದ್ರ ಏನು ಬಂತವ್ವ, ನನಗ ಗೊತ್ತಿತ್ತು. ಅಕಿಗೆ ಗೊತ್ತಿಲ್ಲ. ಅಕಿ ಇನ್ನೂ ಹುಡುಕಾಕತ್ತಾಳ. ಸಂಜಿ ಆತಂದ್ರ ಮ್ಯಾಲ ಕಲ್ಲು ಉರುಳೋ ಸಪ್ಪಳ ನನಗ ಕೇಳತೈತಿ. ನನ್ನ ಮಾತು ಅಕಿ ನಂಬಂಗಿಲ್ಲ, ನನಗ ಓದಾಕ ಬರಂಗಿಲ್ಲಲ್ಲ. ನೀ ಬರೆದಾಕಿ. ನೀನ ಹೇಳು.”

ಕಸ್ತೂರಿ ನನ್ನನ್ನು ಎದೆಗೆ ಅವಚಿಕೊಂಡೇ ಅಂಗಳಕ್ಕೆ ಇಳಿದಳು. ಗುಡ್ಡ ಎದುರಿಗಿತ್ತು, ತುದಿಯಲ್ಲಿ ಮಾತ್ರ ಬಿಸಿಲು ಉಳಿದಿತ್ತು. ಅವಳ ಎದೆ ಹೊಡೆದುಕೊಳ್ಳುವುದು ನನ್ನ ಹಾಳೆಗಳಿಗೆ ತಿಳಿಯುತ್ತಿತ್ತು. ಮೊದಲ ಸಲ ದನಿ ಅಂಗಳವನ್ನೂ ದಾಟಲಿಲ್ಲ. ದುರ್ಗವ್ವ ಹಿಂದಿನಿಂದ, “ಜೋರಾಗಿ ಹೇಳು, ಅಕಿ ಭಾಳ ಮ್ಯಾಲ ಅದಾಳ” ಎಂದಳು.

“ಹುಲಿಗೀ,” ಎಂದು ಕಸ್ತೂರಿ ಕೂಗಿದಳು, “ಅಲ್ಲಿ ಏನೂ ಇಲ್ಲ. ನಿನ್ನ ಕಣ್ಣು ಚಲೋ ಅದಾವ. ಇಳಿದು ಬಾ.”

ಮೂವರೂ ಕಿವಿಗೊಟ್ಟು ನಿಂತೆವು. ಬಹಳ ಹೊತ್ತಿನ ಮೇಲೆ ದುರ್ಗವ್ವ ಒಳಗೆ ಹೋಗಿ ಒಲೆ ಹೊತ್ತಿಸಿದಳು, ಎರಡು ತಾಟು ತಂದಿಟ್ಟಳು. ಆಮೇಲೆ ಇನ್ನೊಂದು ತಂದಿಟ್ಟಳು.