ಭಾನುವಾರದ ಜೋಳದ ಸರದಿ

ಹೊರಮಾವಿನ ಹಳೇ ಊರಿನ ಬೀದಿಯಲ್ಲಿ ಮಂಜುಳಮ್ಮನ ಹಿಟ್ಟಿನ ಗಿರಣಿ ಇದೆ. ಅದರ ಎದುರಿಗೆ ಮೊದಲು ರಾಗಿ ಹೊಲವಿತ್ತು, ಈಗ ಹನ್ನೆರಡು ಅಂತಸ್ತಿನ ಅಪಾರ್ಟ್‌ಮೆಂಟ್ ಇದೆ. ಅದರ ಹೆಸರು ‘ಮಿಲೆಟ್ ಮೆಡೋಸ್’. ಹೊಲ ಹೋದರೂ ಹೆಸರಿನಲ್ಲಾದರೂ ರಾಗಿಯನ್ನು ಉಳಿಸಿಕೊಂಡರಲ್ಲ, ದೊಡ್ಡ ಮನಸ್ಸು. ಆದರೆ ಆ ದೊಡ್ಡ ಮನಸ್ಸಿನವರಿಗೆ ಗಿರಣಿಯ ಸದ್ದು ಆಗಿಬರುತ್ತಿರಲಿಲ್ಲ. ಬಾಲ್ಕನಿಯಲ್ಲಿ ಕಣ್ಣು ಮುಚ್ಚಿ ಧ್ಯಾನಕ್ಕೆ ಕೂತರೆ ಎದುರಿಗೆ ಗಡಗಡ ಶುರುವಾಗುತ್ತದಂತೆ. ಮೂರು ವರ್ಷ ಅರ್ಜಿಯ ಮೇಲೆ ಅರ್ಜಿ ಹಾಕಿ, ಕೊನೆಗೂ ಯಾವುದೋ ಕಚೇರಿಯಿಂದ ಮಂಜುಳಮ್ಮನಿಗೆ ನೋಟಿಸು ಬರುವಂತೆ ಮಾಡಿದರು. ನೆರೆಯವರ ತಕರಾರಿಲ್ಲ ಎಂಬ ಪತ್ರವನ್ನು ಹನ್ನೆರಡನೇ ತಾರೀಕಿನೊಳಗೆ ತಂದುಕೊಡಬೇಕು, ಇಲ್ಲದಿದ್ದರೆ ಮಿಷನ್ನಿನ ಕರೆಂಟ್ ಕತ್ತರಿಸುತ್ತೇವೆ ಎಂದು ಅದರಲ್ಲಿತ್ತು. ನೆರೆಯವರು ಅಂದರೆ ಯಾರು? ಅರ್ಜಿ ಹಾಕಿದವರೇ.

ಇದು ಮಂಜುಳಮ್ಮನ ಮಾವ ಚಲುವಯ್ಯ ಇಟ್ಟ ಗಿರಣಿ. ಗಂಡ ಹೋದ ಮೇಲೆ ಹದಿನೇಳು ವರ್ಷದಿಂದ ಅವಳೇ ನಡೆಸುತ್ತಿದ್ದಾಳೆ. ಮಾವ ಮಾಡಿಟ್ಟ ನಿಯಮಗಳನ್ನು ಒಂದೂ ಬದಲಿಸಿಲ್ಲ. ವಾರದ ದಿನ ರಾಗಿ, ಗೋಧಿ. ಭಾನುವಾರ ಜೋಳ ಮಾತ್ರ. ಬೆರಕೆ ಕಾಳು ತಂದರೆ ಅದು ಎಲ್ಲಕ್ಕಿಂತ ಕೊನೆಗೆ, ಸಾಯಬಣ್ಣ ಬಂದು ಸವೆದ ಬೀಸುವ ಕಲ್ಲನ್ನು ಕುಟ್ಟಿ ಹರಿತ ಮಾಡುವ ಹಿಂದಿನ ದಿನ. ಸಾಯಬಣ್ಣ ಬರುವುದು ಎರಡು ತಿಂಗಳಿಗೊಮ್ಮೆ.

ಭಾನುವಾರದ ಜೋಳ ಯಾದಗಿರಿ, ಕಲಬುರಗಿ ಕಡೆಯಿಂದ ಬಂದು ಹಿಂದಿನ ಗಲ್ಲಿಯ ಬಾಡಿಗೆ ರೂಮುಗಳಲ್ಲಿರುವವರದು. ಅವರಿಗೆ ಪುರುಸೊತ್ತು ಸಿಗುವುದು ಅದೊಂದೇ ದಿನ. ಬೆಳಕು ಹರಿಯುವ ಮುಂಚೆ ಬಂದು ಡಬ್ಬಿಯನ್ನು ಗಿರಣಿಯ ಜಗಲಿಯ ಮೇಲೆ ಸಾಲಿನಲ್ಲಿಟ್ಟು ಹೋಗುತ್ತಾರೆ. ಮನುಷ್ಯರು ಸರದಿ ನಿಲ್ಲುವುದಿಲ್ಲ, ಡಬ್ಬಿ ನಿಲ್ಲುತ್ತದೆ. ಹೆಸರಿಲ್ಲ, ಚೀಟಿಯಿಲ್ಲ, ಬೀಗವಿಲ್ಲ, ಕಾವಲಿಗೆ ಯಾರೂ ಇಲ್ಲ. ಯಾವ ಡಬ್ಬಿ ಯಾರದು, ಎಲ್ಲಿಯವರೆಗೆ ತುಂಬಿತ್ತು ಎಂಬುದು ಮಂಜುಳಮ್ಮನ ತಲೆಯಲ್ಲಿರುತ್ತದೆ. ಚಲುವಯ್ಯನ ಕಾಲದಿಂದ ಇವತ್ತಿನವರೆಗೂ ಆ ಸಾಲಿನಿಂದ ಒಂದು ಹಿಡಿ ಕಾಳು ಹೋದದ್ದಿಲ್ಲ. ಮಂಜುಳಮ್ಮನಿಗೆ ಜಂಬವೆನ್ನುವುದು ಏನಾದರೂ ಇದ್ದರೆ ಅದು ಈ ಒಂದು ವಿಷಯಕ್ಕೆ.

ನೋಟಿಸು ಬಂದ ವಾರವೇ ಅಪಾರ್ಟ್‌ಮೆಂಟಿನ ಸೆಕ್ರೆಟರಿ ಮಧುಕರ್ ಸಾಹೇಬರು ನಗುನಗುತ್ತಾ ಗಿರಣಿಗೆ ಬಂದರು. ನೋಟಿಸಿನ ವಿಷಯ ಎತ್ತಲೇ ಇಲ್ಲ. ನಾಲ್ಕನೇ ತಾರೀಕು ಭಾನುವಾರ ‘ನಮ್ಮ ಹಳ್ಳಿ ಹಬ್ಬ’ ಮಾಡುತ್ತಿದ್ದಾರಂತೆ. ಊರಿನ ಸಣ್ಣ ಪುಟ್ಟ ವ್ಯಾಪಾರ, ಒಬ್ಬರಿಗೊಬ್ಬರು ಆಗುವ ಬದುಕು, ಇವೆಲ್ಲ ಮಾಯವಾಗುತ್ತಿವೆಯಂತೆ. ಯಾರು ಮಾಯ ಮಾಡುತ್ತಿದ್ದಾರೆ ಎಂಬುದನ್ನು ಅವರು ಹೇಳಲಿಲ್ಲ, ಇವಳೂ ಕೇಳಲಿಲ್ಲ. ಗಿರಣಿಯೇ ಹಬ್ಬದ ಕೇಂದ್ರ, ಮಂಜುಳಮ್ಮನಿಗೆ ಸನ್ಮಾನ. ಆಮೇಲೆ ದನಿ ತಗ್ಗಿಸಿ, ತಕರಾರಿಲ್ಲದ ಪತ್ರಕ್ಕೆ ವೇದಿಕೆಯ ಮೇಲೇ ಸಹಿ ಹಾಕಿಕೊಡುತ್ತೇನೆ ಎಂದರು. ಒಂದೇ ಒಂದು ಸಣ್ಣ ಕೋರಿಕೆ.

“ಆವತ್ತು ಬೆಳಿಗ್ಗೆಯಿಂದ ನಾಲ್ಕು ಗಂಟೆವರೆಗೂ ಮಿಷನ್ ಆನ್ ಮಾಡ್ಬೇಡಿ ಅಮ್ಮ. ಮಿಲ್ ಬಗ್ಗೆ ಭಾಷಣ ಇರತ್ತೆ, ಡಿಸ್ಟರ್ಬ್ ಆಗ್ಬಿಡತ್ತೆ.”

ಗಿರಣಿಯನ್ನು ಹೊಗಳುವಾಗ ಗಿರಣಿ ಬಾಯಿ ಮುಚ್ಚಿಕೊಂಡಿರಬೇಕು. ಸರಿ, ಸತ್ತವರನ್ನು ಹೊಗಳುವಾಗಲೂ ಹಾಗೇ ತಾನೇ. ಮಂಜುಳಮ್ಮ ಪತ್ರವನ್ನು ನೆನೆದು ಒಪ್ಪಿಕೊಂಡಳು. ಜೋಳದವರಿಗೆಲ್ಲ ಡಬ್ಬಿ ಎಂದಿನಂತೆ ಇಟ್ಟುಹೋಗಿ, ಹಿಟ್ಟು ಸಂಜೆ ಕೊಡುತ್ತೇನೆ ಎಂದು ಹೇಳಿಕಳಿಸಿದಳು.

ಭಾನುವಾರ ಬಂತು. ಬೀದಿಗೆ ಚೆಂಡುಹೂವಿನ ತೋರಣ ಬಿತ್ತು. ಗಿರಣಿಯ ಗೋಡೆಗೆ ಶನಿವಾರವೇ ಸುಣ್ಣ ಬಳಿದು ಎತ್ತಿನ ಗಾಡಿಯ ಚಿತ್ರ ಬರೆದಿದ್ದರು. ಈ ಬೀದಿಯಲ್ಲಿ ಕೊನೆಯ ಎತ್ತಿನ ಗಾಡಿ ಕಂಡದ್ದು ಯಾವಾಗ ಎಂದು ಮಂಜುಳಮ್ಮನಿಗೇ ನೆನಪಿಲ್ಲ. ಬೀದಿಯ ಇಕ್ಕೆಲದಲ್ಲಿ ಮಳಿಗೆಗಳು. ಒಂದರಲ್ಲಿ ಸಾವಯವ ಜೋಳ, ರಾಗಿಯನ್ನು ಬಟ್ಟೆಯ ಪುಟ್ಟ ಚೀಲಗಳಲ್ಲಿ ತುಂಬಿ, ಮಗುವಿಗೆ ಟೋಪಿ ಕಟ್ಟಿದ ಹಾಗೆ ದಾರ ಕಟ್ಟಿ ಇಟ್ಟಿದ್ದರು. ಪಕ್ಕದ ಮನೆಯಲ್ಲಿ ಮೂವತ್ತು ವರ್ಷದಿಂದ ಬಟ್ಟೆ ಹೊಲಿಯುವ ಜಹನಾರಾಳ ಅಂಗಡಿಗೆ ಅಡ್ಡವಾಗಿ ‘ಹಳ್ಳಿ ದರ್ಜಿ’ ಎಂಬ ಮಳಿಗೆ ಎದ್ದಿತ್ತು. ಅದರಲ್ಲಿ ಹೊಲಿಗೆ ಬಾರದ ಹುಡುಗಿಯೊಬ್ಬಳು ಹಳೇ ಮಿಷನ್ನಿನ ಮುಂದೆ ಕೂತು ಫೋಟೋ ತೆಗೆಸಿಕೊಳ್ಳುತ್ತಿದ್ದಳು.

ಹತ್ತು ಗಂಟೆಗೆ ಮಧುಕರರ ಹೆಂಡತಿ, ಅಲಂಕಾರದ ಉಸ್ತುವಾರಿ ಹೊತ್ತ ಹೇಮಶ್ರೀ ಬಂದು ಮಂಜುಳಮ್ಮನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದಳು. ಹೂವಿನ ಪ್ರಿಂಟಿನ ಪಾಲಿಯೆಸ್ಟರ್ ಸೀರೆ ಹಳ್ಳಿಯ ಹಾಗೆ ಕಾಣುವುದಿಲ್ಲವಂತೆ. ಹೊರಮಾವಿನಲ್ಲೇ ಹುಟ್ಟಿ ಹೊರಮಾವಿನಲ್ಲೇ ಬೆಳೆದವಳಿಗೆ ಹಳ್ಳಿಯವಳ ಹಾಗೆ ಕಾಣುವುದು ಹೇಗೆಂದು ಗೊತ್ತಿರಲಿಲ್ಲ, ಪಾಪ. ಅವಳನ್ನು ಕ್ಲಬ್ ಹೌಸಿಗೆ ಕರೆದೊಯ್ದು ಇಳಕಲ್ ಸೀರೆ ಉಡಿಸಿ, ಹಣೆಗೆ ಕಾಸಗಲದ ಕುಂಕುಮ ಇಟ್ಟರು. ಇಳಕಲ್ ಸೀರೆಯನ್ನು ಹುಟ್ಟಿನಿಂದ ಉಟ್ಟ ಅಯ್ಯಮ್ಮ, ಸುರಪುರದ ಕಡೆಯವಳು, ಆ ಹೊತ್ತಿಗೆ ಸರಿಯಾಗಿ ಹೇಮಶ್ರೀಯ ಅಡುಗೆಮನೆಯಲ್ಲಿ ಅತಿಥಿಗಳಿಗೆ ರೊಟ್ಟಿ ಬಡಿಯುತ್ತಿದ್ದಳು. ಹಳ್ಳಿಯ ಮೂಲ ಪ್ರತಿ ಒಳಗೆ ಬೆವರುತ್ತಿತ್ತು, ನಕಲು ಪ್ರತಿ ವೇದಿಕೆಗೆ ಹೊರಟಿತು.

ಹೊರಗೆ ಬಂದ ಮಂಜುಳಮ್ಮನಿಗೆ ವೇದಿಕೆಯ ಮುಂದಿನ ರಂಗೋಲಿ ಕಂಡಿತು. ಒಂದು ಕೋಣೆಯಷ್ಟು ಅಗಲ. ಬಿಳಿ ಜೋಳ ಹರಡಿ, ಅದರ ಮೇಲೆ ರಾಗಿಯಲ್ಲಿ ಏನೋ ಇಂಗ್ಲಿಷ್ ಅಕ್ಷರ, ಸುತ್ತಲೂ ಗೋಧಿಯ ಅಂಚು. ಊರಿನವರನ್ನು ಬೆಂಬಲಿಸಿ ಎಂದು ಬರೆದಿದೆ ಎಂದು ಹೇಮಶ್ರೀ ಅರ್ಥ ಹೇಳಿದಳು. ಚೆನ್ನಾಗಿದೆ ಎಂದೇ ಮಂಜುಳಮ್ಮನಿಗೂ ಅನ್ನಿಸಿತು. ಅಷ್ಟರಲ್ಲಿ ವೇದಿಕೆಯ ಮೂಲೆಯಲ್ಲಿ ಹೂವಿನ ಕುಂಡಕ್ಕೆ ಪೀಠವಾಗಿ ಬೋರಲು ಹಾಕಿದ ಎಣ್ಣೆ ಟಿನ್ನು ಕಣ್ಣಿಗೆ ಬಿತ್ತು. ಅದರ ಒಂದು ಮೂಲೆ ತಗ್ಗಾಗಿತ್ತು. ಅದು ಅಯ್ಯಮ್ಮನ ಟಿನ್ನು.

ಜಗಲಿಯ ಕಡೆ ತಿರುಗಿ ನೋಡಿದಳು. ಸಾಲು ಇರಲಿಲ್ಲ. ಗಿರಣಿಯ ಒಳಗಿನ ರಾಗಿ, ಗೋಧಿಯ ಡಬ್ಬಿಗಳನ್ನೂ ಬಿಟ್ಟಿರಲಿಲ್ಲ. ಇಪ್ಪತ್ತಾರು ಡಬ್ಬಿ ಬರಿದಾಗಿ, ಕೆಲವಕ್ಕೆ ಬಣ್ಣದ ಕಾಗದ ಸುತ್ತಿ ವೇದಿಕೆಯ ಸುತ್ತ ಜೋಡಿಸಿದ್ದರು. ಹೇಮಶ್ರೀಯನ್ನು ಕೇಳಿದರೆ, ಅವು ಡೆಕೋರೇಷನ್‌ಗೆ ಅಂತ ಇಟ್ಟಿದ್ದಲ್ಲವೇ, ಎಷ್ಟು ಚಂದ ಸಾಲಾಗಿ ಇಟ್ಟಿದ್ದಿರಿ ಎಂದಳು. ಕೆಟ್ಟ ಬುದ್ಧಿಯಿಂದ ಹೇಳಿದ ಮಾತಲ್ಲ. ಕೆಟ್ಟ ಬುದ್ಧಿ ಇದ್ದಿದ್ದರೆ ನಾಲ್ಕು ಬೈದು ಸಮಾಧಾನ ಮಾಡಿಕೊಳ್ಳಬಹುದಿತ್ತು. ಅಷ್ಟರಲ್ಲಿ ಅಪಾರ್ಟ್‌ಮೆಂಟಿನ ಮಕ್ಕಳೆಲ್ಲ ರಂಗೋಲಿಯ ಮೇಲೆ ಓಡಿ ಬಿದ್ದು ಹೊರಳಿ, ಜೋಳ ಯಾವುದು ರಾಗಿ ಯಾವುದು ಎಂದು ತಿಳಿಯದ ಹಾಗೆ ಕಲಸಿಬಿಟ್ಟರು.

ಸಂಜೆ ಜೋಳದವರೆಲ್ಲ ಹಿಟ್ಟಿಗೆ ಬರುತ್ತಾರೆ. ಏನೆಂದು ಹೇಳುವುದು? ನಿಮ್ಮ ವಾರದ ರೊಟ್ಟಿಯ ಮೇಲೆ ಮಕ್ಕಳು ಕುಣಿದರು ಎನ್ನುವುದೇ? ಅವಮಾನಕ್ಕೆ ಅವಳ ಕಣ್ಣು ತುಂಬಿತು. ಅದನ್ನು ನೋಡಿದ ಹೇಮಶ್ರೀ, ಸನ್ಮಾನ ಎಂದರೆ ಎಲ್ಲರಿಗೂ ಹೀಗೇ ಆಗುತ್ತದೆ ಎಂದು ಬೆನ್ನು ತಟ್ಟಿದಳು.

ವೇದಿಕೆಯ ಮೇಲೆ ಅವಳನ್ನು ಮುಖ್ಯ ಅತಿಥಿಯ ಪಕ್ಕದಲ್ಲಿ ಕೂರಿಸಿದರು. ಅವರು ಯಾವುದೋ ಇಲಾಖೆಯಿಂದ ನಿವೃತ್ತರಾದವರು. ಹಳ್ಳಿಯ ನೆಮ್ಮದಿಯ ಬಗ್ಗೆ ಮುಕ್ಕಾಲು ಗಂಟೆ ಮಾತಾಡಿ ಯಾರಿಗೂ ನೆಮ್ಮದಿ ಇಲ್ಲದ ಹಾಗೆ ಮಾಡಿದರು. ಮಧುಕರ್ ಸಾಹೇಬರು ಜೇಬಿನಿಂದ ಪತ್ರ ತೆಗೆದು ಮೇಜಿನ ಮೇಲಿಟ್ಟರು, ಪೆನ್ನಿನ ಮುಚ್ಚಳ ತೆಗೆದರು. ಮಂಜುಳಮ್ಮ ಬಗ್ಗಿ ಡಬ್ಬಿಗಳ ವಿಷಯ ಪಿಸುಗುಟ್ಟಿದಳು. ಅವರ ಮುಖ ಸಣ್ಣಗಾಯಿತು.

“ಲೆಟರ್ ಇಲ್ಲೇ ಇದೆ ಅಮ್ಮ. ಅದೆಲ್ಲ ಆಮೇಲೆ ನೋಡೋಣ. ಈಗ ಎರಡು ಒಳ್ಳೆ ಮಾತು ಹೇಳ್ಬಿಡಿ, ಸೈನ್ ಮಾಡ್ಬಿಡ್ತೀನಿ.”

ಮೈಕು ಕೈಗೆ ಬಂತು. ಎರಡು ಒಳ್ಳೆಯ ಮಾತು ಹೇಳಿದರೆ ಗಿರಣಿ ಉಳಿಯುತ್ತದೆ. ಆದರೆ ಡಬ್ಬಿಯನ್ನು ನಂಬಿ ಬಿಟ್ಟುಹೋಗಲಾಗದ ಗಿರಣಿ ಉಳಿದು ಯಾರಿಗೆ ಬೇಕು?

“ನಂಗೆ ಭಾಷಣ ಬರಲ್ಲ. ಡಬ್ಬಿ ಗೊತ್ತು, ಅದನ್ನೇ ಹೇಳ್ತೀನಿ,” ಎಂದಳು. “ಅಲ್ಲಿ ಕುಂಡ ಇಟ್ಟಿದೀರಲ್ಲ, ಆ ಮೂಲೆ ತಗ್ಗಾಗಿರೋ ಟಿನ್ನು, ಅದು ಅಯ್ಯಮ್ಮಂದು. ನಿಮ್ಮಲ್ಲಿ ಆರು ಮನೇಗೆ ರೊಟ್ಟಿ ಮಾಡ್ತಾಳೆ. ಅದರಲ್ಲಿ ಆರು ಕೇಜಿ ಜೋಳ ಇತ್ತು, ಅವಳ ಮಕ್ಕಳು ಶನಿವಾರದವರೆಗೂ ಅದನ್ನೇ ತಿನ್ಬೇಕು. ಆ ನೀಲಿ ಪೇಂಟ್ ಬಕೆಟ್ಟು ಶರಣಬಸವಂದು. ನಿಮ್ಮ ಗೇಟು ಕಾಯ್ತಾನೆ, ಈಗ್ಲೂ ಅಲ್ಲೇ ನಿಂತವ್ನೆ. ಅದರಲ್ಲಿ ಐದು ಕೇಜಿ, ಕಂಠದವರೆಗೂ ಇತ್ತು.”

ಹೀಗೆ ಒಂದೊಂದೇ ಡಬ್ಬಿಗೆ ಕೈ ತೋರಿಸಿ, ಬಣ್ಣದ ಕಾಗದದೊಳಗಿದ್ದವನ್ನೂ ಬಿಡದೆ, ಇಪ್ಪತ್ತಾರನ್ನೂ ಹೇಳಿದಳು. ಕಾರು ತೊಳೆಯುವ ಲಕ್ಷ್ಮಿಕಾಂತನದು, ಬಿ ಬ್ಲಾಕಿನಲ್ಲಿ ಮಗು ನೋಡಿಕೊಳ್ಳುವ ಕಾವೇರಿಯದು, ಈಜುಕೊಳದ ನೀರು ಬದಲಿಸುವ ಚಂದ್ರಾಮಪ್ಪನದು. ಜನರ ಕೈಯಲ್ಲಿ ಫೋನುಗಳು ಎದ್ದು ನಿಂತಿದ್ದವು, ಆದ್ದರಿಂದ ಮೈಕು ಕಿತ್ತುಕೊಳ್ಳುವಂತೆಯೂ ಇರಲಿಲ್ಲ. ಕೊನೆಗೆ, ಸಂಜೆ ಅವರಿಗೆ ಹಿಟ್ಟು ಕೊಡಬೇಕು, ಎಲ್ಲಿಂದ ಕೊಡಲಿ ಎಂದು ಕೇಳಿ ಕೂತಳು. ಮಧುಕರ್ ಸಾಹೇಬರು ಪೆನ್ನಿನ ಮುಚ್ಚಳ ಹಾಕಿ, ಪತ್ರವನ್ನು ಮಡಿಸಿ ಜೇಬಿಗಿಟ್ಟರು.

ಆಮೇಲೆ ನಡೆದದ್ದಕ್ಕೆ ಅಪಾರ್ಟ್‌ಮೆಂಟಿನವರು ಮಾನವೀಯತೆ ಎನ್ನುತ್ತಾರೆ. ನಾಳೆ ಬೆಳಿಗ್ಗೆ ಅಡುಗೆಯವಳು, ಆಯಾ, ಕಾವಲಿನವನು ಒಟ್ಟಿಗೇ ಕೈಕೊಟ್ಟರೆ ಗತಿಯೇನು ಎಂಬ ಹೆದರಿಕೆ ಎನ್ನುವುದು ಮಂಜುಳಮ್ಮನ ಅಭಿಪ್ರಾಯ. ಮೊದಲು ಮಳಿಗೆಯ ಟೋಪಿ ಕಟ್ಟಿದ ಚೀಲಗಳೆಲ್ಲ ಖಾಲಿಯಾದವು. ಅದು ಸಾಲದೆ ಎಲ್ಲರೂ ಫೋನಿನಲ್ಲಿ ತರಿಸಿದರು. ಹತ್ತು ನಿಮಿಷದಲ್ಲಿ ಸರಕು ತಲುಪಿಸುವ ಬೈಕುಗಳು ಅರ್ಧ ಕೇಜಿಯ ಜೋಳ, ರಾಗಿ, ಗೋಧಿಯ ಪೊಟ್ಟಣ ಹಿಡಿದು ಒಂದರ ಹಿಂದೆ ಒಂದು ಬಂದವು. ಅಂಥ ಪೊಟ್ಟಣಗಳನ್ನು ಹರಿದು ಹರಿದು ಡಬ್ಬಿಗೆ ಸುರಿದರು. ಮಂಜುಳಮ್ಮ ಪಕ್ಕದಲ್ಲೇ ನಿಂತು, ಇದು ಇನ್ನೂ ನಾಲ್ಕು ಬೆರಳು ಬೇಕು ಎಂದು ತೋರಿಸುತ್ತಿದ್ದಳು. ನಾಲ್ಕಕ್ಕೆ ಹತ್ತು ನಿಮಿಷವಿರುವಾಗ ಇಳಕಲ್ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ ಸ್ವಿಚ್ ಒತ್ತಿದಳು. ಹಬ್ಬದ ಕೊನೆಯ ಕಾರ್ಯಕ್ರಮವಾದ ಕೊಳಲು ವಾದನ ಯಾರಿಗೂ ಕೇಳಿಸಲಿಲ್ಲ.

ಅಯ್ಯಮ್ಮ ಟಿನ್ನು ಎತ್ತಿಕೊಳ್ಳುವಾಗ ಹಿಟ್ಟು ಮೂಸಿ ನೋಡಿದಳು. ಇದು ತನ್ನ ಜೋಳವಲ್ಲ ಎಂದು ಅವಳಿಗೆ ತಿಳಿಯಿತು.

“ಅಕ್ಕಾ, ನಿನ್ನ ಕಾಗದ ಹೋತಲ್ಲ. ನಾವು ಒಂದ್ ವಾರ ಹ್ಯಾಂಗರ ಮಾಡತಿದ್ವಿ,” ಎಂದಳು.

ಮಂಜುಳಮ್ಮ ಮೂಗು ಒರೆಸಿಕೊಂಡು ಮುಂದಿನ ಡಬ್ಬಿ ಸುರಿದಳು.

ಉಳಿದದ್ದು ರಂಗೋಲಿಯ ಬೆರಕೆ ಕಾಳು. ಚೆಲ್ಲಿದರೆ ಮುಖ್ಯ ಅತಿಥಿ ಏನೆಂದಾರು ಎಂದು ಅಪಾರ್ಟ್‌ಮೆಂಟಿನವರು ಅದನ್ನು ಕೇರಿ, ತೊಳೆದು, ಒಣಗಿಸಿ, ‘ಮಲ್ಟಿ ಮಿಲೆಟ್’ ಎಂದು ಹೆಸರಿಟ್ಟು ಮನೆಗೆರಡು ಕೇಜಿ ಹಂಚಿಕೊಂಡರು. ಆರೋಗ್ಯಕ್ಕೆ ಬಹಳ ಒಳ್ಳೆಯದು ಎಂದು ಅವರ ವಾಟ್ಸಾಪ್ ಗುಂಪಿನಲ್ಲಿ ಸಂದೇಶ ಬಂತು. ಆ ವಾರ ಮಿಲೆಟ್ ಮೆಡೋಸಿನಲ್ಲಿ ಅದನ್ನು ಪುಡಿ ಮಾಡಲು ಹೋಗಿ ಏಳು ಮಿಕ್ಸಿಗಳು ಸುಟ್ಟುಹೋದವು.

ಹನ್ನೊಂದನೇ ತಾರೀಕು ಭಾನುವಾರ ಬೆಳಿಗ್ಗೆ ಮಧುಕರ್ ಸಾಹೇಬರು ಫಳಫಳ ಸ್ಟೀಲ್ ಡಬ್ಬಿ ಹಿಡಿದು ಗಿರಣಿಗೆ ಬಂದರು. ಜಗಲಿಯ ಮೇಲೆ ಜೋಳದ ಸಾಲು ಎಂದಿನಂತೆ ನಿಂತಿತ್ತು. ತಮ್ಮ ಹಿಂದೆ ಇನ್ನೂ ನಲವತ್ತು ಮನೆಯವರು ಬರಲಿದ್ದಾರೆ, ತಮ್ಮದನ್ನು ಸ್ವಲ್ಪ ಬೇಗ ಹಾಕಿಕೊಡಬೇಕು ಎಂದರು. ಮಂಜುಳಮ್ಮ ಮುಚ್ಚಳ ತೆಗೆದು ನೋಡಿದಳು.

“ಇದು ಬೆರಕೆ ಸಾರ್. ಬೆರಕೆ ಕಲ್ಲು ಕುಟ್ಟೋ ಹಿಂದಿನ ದಿನಾನೇ. ಸಾಯಬಣ್ಣ ಹದಿನಾಲ್ಕಕ್ಕೆ ಬರ್ತಾನೆ, ನಿಮ್ಮ ಸರದಿ ಹದಿಮೂರಕ್ಕೆ. ಹನ್ನೆರಡಕ್ಕೆ ಕರೆಂಟ್ ಕಟ್ ಮಾಡ್ತಾರೆ. ಏನ್ ಮಾಡೋಣ, ನೀವೇ ಹೇಳಿ.”

ಅವರು ಡಬ್ಬಿಯ ಮುಚ್ಚಳ ಮುಚ್ಚಿದರು. ಆಮೇಲೆ ಮನೆಗೆ ಹೋಗಿ ಪತ್ರ ತಂದು, ಅದೇ ಡಬ್ಬಿಯ ಮುಚ್ಚಳದ ಮೇಲಿಟ್ಟು ಸಹಿ ಹಾಕಿದರು, ಮೊಹರು ಒತ್ತಿದರು. ಮಂಜುಳಮ್ಮ ಎರಡು ಸಲ ಓದಿ, ಮಡಿಸಿ, ಜಾಕೀಟಿನೊಳಗೆ ಇಟ್ಟುಕೊಂಡಳು. ಸಹಿಯಾದ ಮೇಲೆ ಸರದಿ ಮುಂದೆ ಬರಬಹುದೇ ಎಂದು ಅವರು ಕೇಳಿದರು. ಬರುವುದಿಲ್ಲ ಎಂದಳು. ಎರಡು ದಿನ ಮತ್ತೆ ಹೊತ್ತು ತಿರುಗುವುದೇಕೆ, ಇಲ್ಲೇ ಇಟ್ಟುಹೋಗಿ ಎಂದಳು.

“ಇಲ್ಲೇನಾ? ಹೊರಗಡೆ? ಸೇಫಾ ಅಮ್ಮ?”

ಮಂಜುಳಮ್ಮ ಅಯ್ಯಮ್ಮನ ತಗ್ಗಾದ ಟಿನ್ನಿನ ಹಿಂದೆ ಅವರ ಡಬ್ಬಿಗೆ ಜಾಗ ತೋರಿಸಿದಳು. ಎರಡು ಹಗಲು, ಎರಡು ರಾತ್ರಿ ಅದು ಬೀದಿಯ ಜಗಲಿಯ ಮೇಲೆ ಬೀಗವಿಲ್ಲದೆ ನಿಂತಿತ್ತು. ಹಿಂದಿನ ಗಲ್ಲಿಯ ಅಷ್ಟೂ ಮಕ್ಕಳು ಅದರ ಮುಂದೆಯೇ ಆಡಿದರು. ಹದಿಮೂರನೇ ತಾರೀಕು ಮಧುಕರ್ ಸಾಹೇಬರು ಬಂದು ಮುಚ್ಚಳ ತೆಗೆದು ನೋಡಿದಾಗ, ಅದರಲ್ಲಿ ಒಂದು ಕಾಳೂ ಕಡಿಮೆಯಾಗಿರಲಿಲ್ಲ.