ಹಜಾರ ಬಾಡಿಗೆಗೆ ಹೋದ ಮೇಲೆ

“ಕಾಲ ಕಡೆ ಎತ್ರೀ... ಇನ್ನೂ ಸ್ವಲ್ಪ... ಅಯ್ಯೋ, ಗೋಡೆಗೆ ಸಿಕ್ಕೊಳ್ತು, ಇಳಿಸ್ರೀ.”

ಶವದ ವ್ಯಾನಿನ ಆಳುಗಳು ಸ್ಟ್ರೆಚರನ್ನು ಮತ್ತೆ ನೆಲಕ್ಕಿಟ್ಟು ಬೆವರು ಒರೆಸಿಕೊಂಡರು. ಹಿಂದಿನ ಕೋಣೆಯಿಂದ ಹೊರಬರುವ ಸಂದಿ ಒಬ್ಬರು ಮೈ ಓರೆ ಮಾಡಿಕೊಂಡು ನುಸುಳುವಷ್ಟೇ ಅಗಲ; ಅದರ ಕೊನೆಗೊಂದು ತಿರುವು ಬೇರೆ. ಅಲ್ಲಿ ಹೆಣ ತಿರುಗುತ್ತಿರಲಿಲ್ಲ.

“ನಿಲ್ಲಿಸ್ಕೊಂಡು ತಗೊಂಡೋದ್ರೆ?” ಎಂದ ಅಳಿಯ. ಯಾರೂ ಅವನತ್ತ ನೋಡಲಿಲ್ಲ.

“ಬೇರೆ ಬಾಗಿಲಿಲ್ವಾ ಈ ಮನೆಗೆ?” ಎಂದ ಆಳುಗಳಲ್ಲೊಬ್ಬ.

ಮಗಳು ಬಾಯಿ ತೆರೆಯುವ ಮೊದಲೇ ಅವಳ ಚಿಕ್ಕಮ್ಮ, ಸತ್ತವಳ ತಂಗಿ, ಹೇಳಿದಳು: “ಯಾಕಿಲ್ಲಪ್ಪ, ಇದೆ. ಮದುವೆ ದಿಬ್ಬಣ ನುಗ್ಗುವಂಥ ಬಾಗಿಲು. ಈಗ ಸಲೂನಿಗೆ ಹೋಗಿದೆ.”

ಮಗಳಿಗೆ ಮೈಯುರಿಯಿತು. ಬೆಳಗಿನಿಂದ ಬಂದವರೆಲ್ಲ ಅವಳ ಕೈಹಿಡಿದು, “ನಿನ್ನಂಥ ಮಗಳು ಯಾರಿಗೆ ಸಿಗ್ತಾಳಮ್ಮ” ಎಂದಿದ್ದರು. ಈ ಚಿಕ್ಕಮ್ಮನ ಬಾಯಿಂದ ಮಾತ್ರ ಆ ಮಾತು ಬಂದಿರಲಿಲ್ಲ.

*

ಅಪ್ಪ ತೀರಿಕೊಂಡ ವರ್ಷವೇ ತಾರಸಿ ಸೋರತೊಡಗಿತ್ತು. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಹಗಲೆಲ್ಲ ಊರವರ ಮಾತಿಗೆ ತಂತಿ ಜೋಡಿಸಿ, ಸಂಜೆ ಬಂದು ಹಸಿ ಗೋಡೆಗೆ ತಾನೇ ನೀರು ಹೊಡೆದು ಅಮ್ಮ ಕಟ್ಟಿಸಿದ ಮನೆ ಅದು. ಈಗ ಅವಳು ಸೋರುವ ಕಡೆಯೆಲ್ಲ ಬಕೆಟ್ ಇಟ್ಟುಕೊಂಡು ದಿಕ್ಕು ತೋಚದೆ ಕೂತಿದ್ದಳು. ಪಿಂಚಣಿ ಔಷಧಿಗೇ ಸರಿಹೋಗುತ್ತಿತ್ತು.

ಮಗಳು ಟೊಂಕ ಕಟ್ಟಿ ನಿಂತಳು. ಮಹಡಿಯನ್ನು ಬಾಡಿಗೆಗೆ ಕೊಟ್ಟು, ಆ ಮುಂಗಡದಲ್ಲಿ ತಾರಸಿ ಸರಿಮಾಡಿಸಿದಳು. ಕೆಟ್ಟು ಕೂತಿದ್ದ ಮೋಟಾರು ಬದಲಾಯಿಸಿದಳು. ಬಚ್ಚಲಿಗೆ ಕಾಲು ಜಾರದ ಟೈಲು ಹಾಕಿಸಿದಳು. ಬಾಕಿ ಕಂದಾಯ ಕಟ್ಟಿ ಬಂದಳು.

“ನೀನಿಲ್ದಿದ್ರೆ ಬೀದಿಗೆ ಬೀಳ್ತಿದ್ದೆ ಕಣೇ” ಎಂದಳು ಅಮ್ಮ. ಆ ಮಾತಿನ ರುಚಿ ಮಗಳಿಗೆ ಹತ್ತಿತು.

ರಿಪೇರಿ ಮುಗಿಯಿತು, ಸಹಾಯ ಮುಗಿಯಲಿಲ್ಲ. ಮಲಗುವ ಕೋಣೆ ಅಳಿಯನ ಗೆಳೆಯನ ಸರಕಿಗೆ ಗೋದಾಮಾಯಿತು. ರಸ್ತೆಗೆ ಮುಖಮಾಡಿದ ಹಜಾರ ಸಲೂನಾಯಿತು. “ಒಬ್ಬಳಿಗೆ ಎಷ್ಟು ಜಾಗ ಬೇಕಮ್ಮ? ಗುಡಿಸೋದು ತಪ್ತು ಅನ್ಕೋ” ಎಂದು ಮಗಳು ಹಿಂದಿನ ಸ್ಟೋರ್ ರೂಮಿನಲ್ಲಿ ಅಮ್ಮನ ಮಂಚ ಹಾಕಿಸಿದಳು.

ಅಮ್ಮ ಜಗಳವಾಡಲಿಲ್ಲ. ಸಂಜೆ ಸಲೂನಿನ ಬೆಂಚಿನ ಮೂಲೆಯಲ್ಲಿ ಕೂತು ಬೀದಿ ನೋಡುತ್ತಿದ್ದಳು, ಅಷ್ಟೇ. ಗಿರಾಕಿಗಳು, “ನಿಮ್ಮ ಸರದಿ ಯಾವಾಗ ಅಜ್ಜಿ?” ಎಂದು ತಮಾಷೆ ಮಾಡಿದರೆ, “ಬರುತ್ತೆ ಬಿಡಪ್ಪ, ನಂಗೇನು ಅವಸರ? ನನ್ನ ಹಜಾರದಲ್ಲೇ ಕೂತಿದೀನಲ್ಲ” ಎಂದು ನಗುತ್ತಿದ್ದಳು.

ಆ ಮಾತು ಊರೆಲ್ಲ ಸುತ್ತಿ ಮಗಳ ಆಫೀಸಿನವರೆಗೂ ಬಂತು. ಅವತ್ತೇ ಸಂಜೆ ಅವಳು ಬಂದು ಅಮ್ಮನ ಪಕ್ಕ ಕೂತು ಮೆತ್ತಗೆ ಹೇಳಿದಳು: “ಅಂಗಡಿಯವನಿಗೆ ತೊಂದರೆ ಆಗ್ತಿದೆಯಂತಮ್ಮ. ನಿನ್ನೆದುರಿಗೆ ಹೇಳೋಕೆ ಸಂಕೋಚ ಅವನಿಗೆ.”

ಅಮ್ಮನ ಮುಖ ಇಷ್ಟೇ ಇಷ್ಟಾಯಿತು. “ಛೇ, ನಂಗೆ ಹೊಳೀಲೇ ಇಲ್ಲ ನೋಡು. ಪಾಪ, ಹೊಟ್ಟೆಪಾಡು ಅವನದು” ಎಂದು ಎದ್ದು ಹೋಗಿ ತನ್ನ ಕೋಣೆಗೂ ಹಜಾರಕ್ಕೂ ನಡುವಿನ ಬಾಗಿಲಿಗೆ ತಾನೇ ಚಿಲಕ ಹಾಕಿದಳು. ಮತ್ತೆ ತೆಗೆಯಲಿಲ್ಲ.

*

ಚಿಕ್ಕಮ್ಮ ಆ ಚಿಲಕ ಸರಿಸಿ ಬಾಗಿಲು ತಟ್ಟಿದಳು. ಸಲೂನಿನವನು ವಿಷಯ ಕೇಳಿದ್ದೇ ಅರ್ಧ ಕ್ಷೌರವಾಗಿದ್ದ ಗಿರಾಕಿಯನ್ನು ಎಬ್ಬಿಸಿ, ಕುರ್ಚಿಗಳನ್ನು ಪಕ್ಕಕ್ಕೆ ಎಳೆದು, ನೆಲದ ಕೂದಲನ್ನು ಗುಡಿಸಿದ.

“ನನ್ನನ್ನೇನು ಕೇಳ್ತೀರಿ, ಅವರ ಮನೆ. ಬರ್ಲಿ” ಎಂದ. ಆಮೇಲೆ ಪೊರಕೆ ಹಿಡಿದೇ ನಿಂತು, “ಅಜ್ಜಿಗೆ ನನ್ಮೇಲೆ ಏನು ಬೇಜಾರಾಯ್ತೋ. ಇದ್ದಕ್ಕಿದ್ದಂಗೆ ಬರೋದೇ ಬಿಟ್ರು. ಎಷ್ಟೋ ಸಲ ಬಾಗಿಲು ತಟ್ಟಿದೆ. ಓಗೊಡ್ಲಿಲ್ಲ” ಎಂದ.

ಚಿಕ್ಕಮ್ಮ ಅವನನ್ನೇ ದಿಟ್ಟಿಸಿದಳು. “ನೀನೇ ಬರಬೇಡ ಅಂದ್ಯಂತಲ್ಲಪ್ಪ. ಅಕ್ಕ ಫೋನಲ್ಲಿ ಅತ್ಲು.”

“ನಾನಾ? ಮಕ್ಕಳಾಣೆ ಇಲ್ಲ ತಾಯಿ!”

ಇಬ್ಬರೂ ಒಟ್ಟಿಗೇ ಮಗಳ ಕಡೆ ತಿರುಗಿದರು. ಗೋಡೆಗಳ ಕನ್ನಡಿಗಳಲ್ಲೂ ಅವರು ತಿರುಗಿದರು. ಎತ್ತ ಕಣ್ಣು ಹೊರಳಿಸಿದರೂ ಅವಳನ್ನು ಯಾರೋ ನೋಡುತ್ತಿದ್ದರು.

“ಈಗ್ಯಾಕೆ ಆ ಮಾತೆಲ್ಲ?” ಎಂದಳು ಮಗಳು. “ವ್ಯಾನು ಕಾಯ್ತಿದೆ.”

ಅಮ್ಮ ಕನ್ನಡಿಗಳ ನಡುವೆ ಹಾದು ಹೋದಳು. ಗಿರಾಕಿ ಕೊರಳಿನ ಬಟ್ಟೆ ಬಿಚ್ಚದೆ, ಅರ್ಧ ಮುಖದ ನೊರೆಯೊಂದಿಗೆ ತಲೆ ಬಾಗಿಸಿ ನಿಂತ. ಹೊಸ್ತಿಲು ದಾಟುವಾಗ ಚಿಕ್ಕಮ್ಮ ಮಗಳ ಕಿವಿಯ ಹತ್ತಿರ ಬಂದಳು. ಬೈಯುತ್ತಾಳೆಂದು ಮಗಳು ಹಲ್ಲು ಕಚ್ಚಿದಳು.

“ಕೊನೇವರೆಗೂ ನಿನ್ನ ಹೊಗಳ್ತಾನೇ ಇದ್ಲು ಕಣೇ” ಎಂದಳು ಚಿಕ್ಕಮ್ಮ, ಅಷ್ಟೇ.

ಮಣ್ಣು ಮಾಡಿ ಬಂದಾಗ ಬಿಸಿಲಿನ್ನೂ ಇಳಿದಿರಲಿಲ್ಲ. ಚಿಕ್ಕಮ್ಮ ಮನೆಗೆ ಬಾರದೆ ಅಲ್ಲಿಂದಲೇ ಊರಿಗೆ ಹೊರಟುಹೋಗಿದ್ದಳು. ಮಗಳು ಸಂದಿಯಲ್ಲಿ ಓರೆಯಾಗಿ ನುಸುಳಿ ಹಿಂದಿನ ಕೋಣೆಯ ಬಾಗಿಲು ನೂಕುತ್ತಿದ್ದಾಗ ಫೋನು ಬಂತು. ಕೋಣೆ ಬಾಡಿಗೆಗಿದೆಯೆಂದು ಅಳಿಯ ಯಾರಿಗೋ ಆಗಲೇ ಹೇಳಿಟ್ಟಿದ್ದ.

“ಹೌದು, ಹೌದು, ಇವತ್ತಿಂದಲೇ ಖಾಲಿ” ಎನ್ನುತ್ತ ಅವಳು ಒಳಗೆ ಹೆಜ್ಜೆಯಿಟ್ಟಳು. “ಒಬ್ಬರಿಗೆ ಧಾರಾಳ ಸಾಕು. ಗಾಳಿ ಬೆಳಕಿಗೇನೂ ಕೊರತೆಯಿಲ್ಲ.”

ಹಾಗೆ ಹೇಳುತ್ತಿರುವಾಗಲೇ ಅವಳ ಇನ್ನೊಂದು ಕೈ, ಆ ಹಾಡಹಗಲಲ್ಲಿ, ಸ್ವಿಚ್ಚಿಗಾಗಿ ಗೋಡೆ ತಡಕುತ್ತಿತ್ತು.