ನಾಲ್ಕನೇ ಸಾಲಿನ ಉಸಿರು

ಮೂವತ್ತು ಜನರ ಆ ಗಾಯನವೃಂದವನ್ನು ಈಗ ನಡೆಸುತ್ತಿದ್ದವರು ಸಂಗೀತದ ಮೇಷ್ಟ್ರಾದರೂ ಕಟ್ಟಿ ಬೆಳೆಸಿದವಳು ಅವರ ಅಕ್ಕ. ಇಪ್ಪತ್ತೆಂಟು ವರ್ಷ ಮುಂದೆ ನಿಂತು ಹಾಡಿದಳು, ಅಪಸ್ವರ ಹಿಡಿದವರನ್ನು ಕಣ್ಣಲ್ಲೇ ಸುಟ್ಟಳು. ಹೋದ ವರ್ಷ ಗಂಟಲಲ್ಲಿ ಗಡ್ಡೆ ಬಂತು. ವೈದ್ಯರು ಧ್ವನಿಪೆಟ್ಟಿಗೆಯನ್ನೇ ತೆಗೆದು, ಉಸಿರಾಡಲು ಕತ್ತಿನಲ್ಲೊಂದು ರಂಧ್ರ ಮಾಡಿದರು. ಉಸಿರೆಳೆದಾಗಲೆಲ್ಲ ಅದು ಸುಯ್ಯೆನ್ನುತ್ತಿತ್ತು. ನಾಚಿಕೆಯಿಂದ ಅಕ್ಕ ಅದಕ್ಕೆ ಬಟ್ಟೆ ಒತ್ತಿ ಹಿಡಿಯುತ್ತಿದ್ದಳು. ವೃಂದದ ಕಡೆ ತಲೆ ಹಾಕಿಯೂ ಮಲಗಲಿಲ್ಲ.

ಅವಳನ್ನು ಮರಳಿ ಕರೆತರಲೆಂದೇ ಮೇಷ್ಟ್ರು ಹಳೆಯ ಪದ್ಯವೊಂದಕ್ಕೆ ರಾಗ ಹಾಕಲು ಕೂತರು. ಆಚೆ ದಡದಲ್ಲಿ ದೀಪ ಹಚ್ಚಿದವರು ಯಾರೆಂದು ದೋಣಿಯವನು ಕೇಳುವ ಪದ್ಯ. ಶಾಲೆಗೆ ಹೋದವರಿಗೆಲ್ಲ ಬಾಯಿಪಾಠ. ಅಭ್ಯಾಸಕ್ಕೆ ಮೊದಲು ಅಕ್ಕ ದಿನಾ ಅದನ್ನೇ ಎಲ್ಲರಿಂದ ಹೇಳಿಸುತ್ತಿದ್ದಳು. ಹಾಡಿನ ಜೊತೆಗೆ ಮೇಷ್ಟ್ರು ಪಿಯಾನೊ ಭಾಗವನ್ನೂ ಬರೆದು, ಅದನ್ನು ನುಡಿಸಬಲ್ಲ ಅಕ್ಕನಿಗೆ ನೀನೇ ನುಡಿಸಬೇಕು ಎಂದು ಪಟ್ಟು ಹಿಡಿದರು. ಕನಿಕರಕ್ಕೆ ಕರೆಯಬೇಡ ಎಂದು ಅವಳು ಚೀಟಿಯಲ್ಲಿ ಬರೆದಳು. ಆದರೂ ಬಂದಳು. ಮನೆಯಲ್ಲಿ ಕೂತೂ ಕೂತೂ ಅವಳಿಗೂ ಸಾಕಾಗಿತ್ತು.

ತೊಡಕಾದದ್ದು ನಾಲ್ಕನೇ ಸಾಲಿನಲ್ಲಿ. ಉದ್ದನೆಯ ಸಾಲು, ಒಂದೇ ಉಸಿರಿಗೆ ಹೇಳಬೇಕಾದದ್ದು. ಮೇಷ್ಟ್ರು ಹಾಗೆಯೇ ಬರೆದಿದ್ದರು. ಮೂವತ್ತೂ ಜನ ದೀಪ ಎಂಬ ಮಾತಿಗೆ ಮುಂಚೆ ಗಕ್ಕನೆ ನಿಂತು ಉಸಿರೆಳೆದರು. ಗದರಿದರೂ ಅಷ್ಟೇ, ಗೋಗರೆದರೂ ಅಷ್ಟೇ.

"ಇಲ್ಲಿ ನಿಲ್ಲಿಸಿ ಅಂತ ನಿಮಗೆ ಯಾರು ಹೇಳಿಕೊಟ್ಟದ್ದು?"

ಪಿಯಾನೊ ಮುಂದಿದ್ದ ಅಕ್ಕ ಚೀಟಿ ಬರೆದು ಚಾಚಿದಳು: "ಚಿಕ್ಕವಳಿದ್ದಾಗ ನಂಗೆ ಉಬ್ಬಸ ಇತ್ತಲ್ಲ. ಅಲ್ಲಿಗೇ ಉಸಿರು ಮುಗಿದುಹೋಗ್ತಿತ್ತು. ಹಾಗೇ ರೂಢಿಯಾಯ್ತು. ತಪ್ಪು ನಂದೇ, ತಿದ್ದಿಬಿಡು."

ಮೇಷ್ಟ್ರೂ ಅವಳಿಂದ ಹಾಗೆಯೇ ಕಲಿತವರು. ದೊಡ್ಡ ಓದು ಓದಿ ಮರೆತಿದ್ದರು ಅಷ್ಟೇ. ಮರುದಿನ ಅವರು ತಿದ್ದಿದ್ದು ತಮ್ಮ ಬರಹವನ್ನು. ದೀಪಕ್ಕೆ ಮುಂಚೆ ಹಾಡೂ ನಿಲ್ಲಬೇಕು, ಪಿಯಾನೊವೂ ನಿಲ್ಲಬೇಕು. ಅಲ್ಲಿ ಹಾಡುವವರು ಯಾರೂ ಉಸಿರೆಳೆಯುವಂತಿಲ್ಲ, ಪಿಯಾನೊ ನುಡಿಸುವವಳು ಮಾತ್ರ ಎಳೆಯಬೇಕು.

ಅಕ್ಕ ಅದನ್ನು ಓದಿ ಬಿಳಿಚಿಕೊಂಡಳು. "ನಂದು ಎಲ್ಲರಿಗೂ ಕೇಳಿಸುತ್ತೆ" ಎಂದು ಬರೆದಳು.

"ಕೇಳಿಸಲಿ ಅಂತಾನೇ ಅಕ್ಕಾ" ಎಂದರು ಮೇಷ್ಟ್ರು.

ಅವಳು ಚೀಟಿಯನ್ನು ಮುದುಡಿ ಎದ್ದುಹೋದಳು. ಆಮೇಲಿನ ಅಭ್ಯಾಸಗಳಿಗೂ ಬಂದಳು, ನುಡಿಸಿದಳು. ಆದರೆ ಆ ಜಾಗ ಬಂದಾಗಲೆಲ್ಲ ಬಟ್ಟೆ ಒತ್ತಿ ಹಿಡಿದು ಉಸಿರು ಕಟ್ಟಿಕೊಂಡಳು.

ಕಾರ್ಯಕ್ರಮದ ಸಂಜೆ ಸಭಾಂಗಣ ತುಂಬಿತ್ತು. ನಾಲ್ಕನೇ ಸಾಲು ಬಂತು. ಮೂವತ್ತು ಬಾಯಿ ನಿಂತವು, ಪಿಯಾನೊ ನಿಂತಿತು. ಅಕ್ಕನ ಎಡಗೈ ಕತ್ತಿನತ್ತ ಏಳಹೋಗಿ ನಡುವೆಯೇ ನಿಂತಿತು. ಮತ್ತೆ ಪಿಯಾನೊ ಮೇಲೆ ಇಳಿಯಿತು. ಆಮೇಲೆ ಅವಳು ಉಸಿರೆಳೆದಳು. ಸುಯ್ಯೆಂಬ ಆ ಸದ್ದು ಸಭಾಂಗಣದ ಕೊನೆಯ ಕುರ್ಚಿಯವರೆಗೂ ಕೇಳಿತು.

ಬರೆದಿದ್ದಕ್ಕಿಂತ ಆ ನಿಲುಗಡೆ ಉದ್ದವಾಯಿತು. ಮೇಷ್ಟ್ರು ಎತ್ತಿದ ಕೈ ಇಳಿಸದೆ, ಅವಳ ಉಸಿರು ಪೂರ್ತಿಯಾಗುವವರೆಗೂ ಎಲ್ಲರನ್ನೂ ಕಾಯಿಸಿದರು.